ಕೊಲೆ ಪ್ರಕರಣದಲ್ಲಿ ಪೊಲೀಸ್ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೇ? ಅದನ್ನು ಪ್ರಶ್ನಿಸುವ ಹಂತಗಳು

"ಠಾಣೆಯಲ್ಲಿ ಹೊಡೆದು ಒಪ್ಪಿಸಿಕೊಂಡಿದ್ದಾರೆ, ಈಗ ಏನು ಮಾಡುವುದು?" ಮನೆಯವರೊಬ್ಬರು ಕೊಲೆ ಪ್ರಕರಣದಲ್ಲಿ ಸಿಲುಕಿರುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲವರು ಭಯದಿಂದ ಕೇಳುತ್ತಾರೆ. ತಪ್ಪೊಪ್ಪಿಕೊಂಡಾಗಿದೆ, ಇನ್ನು ಶಿಕ್ಷೆ ತಪ್ಪದು ಎಂಬುದು ಅವರ ಚಿಂತೆ. ಇನ್ನು ಕೆಲವರಿಗೆ ಅದೇ ಭರವಸೆ. ಹೊಡೆದದ್ದು ಗೊತ್ತಾದರೆ ಕೇಸೇ ಬಿದ್ದುಹೋಗುತ್ತದೆ ಎಂದುಕೊಂಡಿರುತ್ತಾರೆ. ಎರಡೂ ನಿಜವಲ್ಲ.

ಭಾರತದ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹೊಡೆಯಲಿ, ಹೊಡೆಯದಿರಲಿ, ಈ ನಿಯಮ ಬದಲಾಗುವುದಿಲ್ಲ. ಆದರೆ ಆ ಹೇಳಿಕೆಯ ಬೆನ್ನು ಹಿಡಿದು ಚಾಕು, ಬಟ್ಟೆ, ಮೊಬೈಲ್ ಸಿಕ್ಕಿದವು ಎಂದು ಪೊಲೀಸರು ತೋರಿಸಿದರೆ ಅಷ್ಟು ಭಾಗ ಕೋರ್ಟಿನೊಳಗೆ ಬರುತ್ತದೆ. ಅಕ್ರಮವಾಗಿ ಸಂಗ್ರಹಿಸಿದ ಸಾಕ್ಷ್ಯ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1973ರಷ್ಟು ಹಿಂದೆಯೇ ಪೂರಣ್ ಮಲ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ "ವಿಚಾರಣೆ ಅನ್ಯಾಯದ್ದು" ಎಂದು ಒಟ್ಟಾಗಿ ಕೂಗಿದರೆ ಪ್ರಯೋಜನ ಕಡಿಮೆ. ಯಾವ ಹೇಳಿಕೆ, ಯಾವ ಜಪ್ತಿ, ಯಾವ ತಾರೀಕು, ಯಾವ ಗಾಯ ಎಂದು ಒಂದೊಂದಾಗಿ ಹಿಡಿಯಬೇಕು. ಆ ಕೆಲಸಕ್ಕೆ ಬೇಕಾದ ದಾಖಲೆ ಮೊದಲ ಕೆಲವು ದಿನಗಳಲ್ಲೇ ಹುಟ್ಟಬೇಕು. ಎರಡು ವರ್ಷದ ನಂತರ ಟ್ರಯಲ್‌ನಲ್ಲಿ ಮೊದಲ ಬಾರಿಗೆ "ಹೊಡೆದರು" ಎಂದರೆ ನಂಬುವವರು ವಿರಳ.

ಸತ್ತವರ ಮನೆಯವರೂ ಇದನ್ನು ಓದುತ್ತಿರಬಹುದು. ಇದು ನಿಮ್ಮ ವಿರುದ್ಧದ ಲೇಖನವಲ್ಲ. ಬಲವಂತದಿಂದ ಒಬ್ಬನ ಬಾಯಲ್ಲಿ ಒಪ್ಪಿಗೆ ಹೊರಡಿಸಿ ಫೈಲ್ ಮುಚ್ಚಿದರೆ, ನಿಜವಾಗಿ ಕೊಂದವನು ಹೊರಗೇ ಉಳಿಯುವ ಅಪಾಯವಿದೆ.

ಯಾವ ಕಾನೂನು ಅನ್ವಯ?

2024ರ ಜುಲೈ 1ರಿಂದ ಮೂರು ಹೊಸ ಕಾನೂನುಗಳು ಜಾರಿಯಲ್ಲಿವೆ. ಅಪರಾಧ ಮತ್ತು ಶಿಕ್ಷೆಗೆ ಭಾರತೀಯ ನ್ಯಾಯ ಸಂಹಿತೆ, ಬಂಧನ ಮತ್ತು ತನಿಖೆಯ ವಿಧಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಕೊಲೆ ಅಪರಾಧಕ್ಕೆ ಹಿಂದೆ ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) ಕಲಂ 302 ಇತ್ತು, ಈಗ ನ್ಯಾಯ ಸಂಹಿತೆಯ ಕಲಂ 103. ಆ ದಿನಾಂಕಕ್ಕೆ ಮೊದಲೇ ನಡೆಯುತ್ತಿದ್ದ ತನಿಖೆ ಮತ್ತು ಟ್ರಯಲ್‌ಗಳು ಹಳೆಯ ವಿಧಾನದಲ್ಲೇ ಮುಂದುವರಿಯುತ್ತವೆ. ಮುಂದೆ ನಾಗರಿಕ ಸುರಕ್ಷಾ ಸಂಹಿತೆಯನ್ನು "ಸುರಕ್ಷಾ ಸಂಹಿತೆ" ಎಂದೂ, ಸಾಕ್ಷ್ಯ ಅಧಿನಿಯಮವನ್ನು "ಸಾಕ್ಷ್ಯ ಕಾನೂನು" ಎಂದೂ ಚಿಕ್ಕದಾಗಿ ಬರೆಯುತ್ತೇನೆ. ಕಾನೂನಿನ ಹೆಸರಿಲ್ಲದೆ ಕಲಂ ಎಂದಷ್ಟೇ ಇದ್ದರೆ ಅದು ಸುರಕ್ಷಾ ಸಂಹಿತೆಯದು.

ಕೂಡಿಸಿಡಬೇಕಾದ ಕಾಗದಗಳು ಇವು: ಎಫ್‌ಐಆರ್ ಪ್ರತಿ, ಬಂಧನದ ಮೆಮೊ, ಬಂಧನದ ಕಾರಣಗಳ ಪತ್ರ, ಪ್ರತಿ ವೈದ್ಯಕೀಯ ತಪಾಸಣೆಯ ವರದಿ, ಪೊಲೀಸರು ಕೊಟ್ಟ ಪ್ರತಿ ರಿಮಾಂಡ್ ಅರ್ಜಿ ಮತ್ತು ಅದರ ಮೇಲಿನ ಕೋರ್ಟಿನ ಆದೇಶ, ಎಲ್ಲ ಮಹಜರುಗಳು. ರಿಮಾಂಡ್ ಎಂದರೆ ಆರೋಪಿಯನ್ನು ಪೊಲೀಸರ ವಶಕ್ಕೋ ಜೈಲಿಗೋ ಕಳುಹಿಸುವ ಮ್ಯಾಜಿಸ್ಟ್ರೇಟರ ಆದೇಶ. ಮಹಜರು ಎಂದರೆ ಸ್ಥಳದಲ್ಲಿ ಕಂಡದ್ದನ್ನು, ವಶಪಡಿಸಿಕೊಂಡದ್ದನ್ನು ಪಂಚರ, ಅಂದರೆ ಹೊರಗಿನ ಸಾಕ್ಷಿಗಳ, ಸಮ್ಮುಖದಲ್ಲಿ ಬರೆಯುವ ದಾಖಲೆ. ಇವುಗಳಲ್ಲಿ ಕೆಲವು ತಕ್ಷಣ ಸಿಗುತ್ತವೆ, ಕೆಲವು ಚಾರ್ಜ್‌ಶೀಟ್ ಜೊತೆಗೆ ಬರುತ್ತವೆ.

ಹಂತ 1: ಕರೆದುಕೊಂಡು ಹೋದ ಗಳಿಗೆಯನ್ನು ದಾಖಲಿಸಿ

ಅತಿ ಹೆಚ್ಚು ಅನ್ಯಾಯ ನಡೆಯುವುದು ಕಾಗದದ ಮೇಲೆ ಇಲ್ಲದ ಗಂಟೆಗಳಲ್ಲಿ. "ಸ್ವಲ್ಪ ವಿಚಾರಿಸಿ ಕಳಿಸುತ್ತೇವೆ" ಎಂದು ಸೋಮವಾರ ಕರೆದೊಯ್ದು, ಗುರುವಾರ ಬಂಧಿಸಿದಂತೆ ಮೆಮೊ ಬರೆಯುವ ಪ್ರಕರಣಗಳಿವೆ. ಬಂಧಿತನನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ತರಬೇಕೆಂದು ಸಂವಿಧಾನದ 22(2)ನೇ ವಿಧಿ ಹೇಳುತ್ತದೆ. ಈ ಲೆಕ್ಕ ಶುರುವಾಗಬೇಕಾದದ್ದು ವ್ಯಕ್ತಿಯ ಓಡಾಟದ ಸ್ವಾತಂತ್ರ್ಯ ನಿಜವಾಗಿ ಹೋದ ಕ್ಷಣದಿಂದ, ಮೆಮೊದಲ್ಲಿ ಬರೆದ ಹೊತ್ತಿನಿಂದಲ್ಲ. ಆದರೆ ಆ ಕ್ಷಣ ಯಾವುದೆಂದು ತೋರಿಸುವ ಹೊಣೆ ವಾಸ್ತವದಲ್ಲಿ ನಿಮ್ಮ ಮೇಲೇ ಬೀಳುತ್ತದೆ.

ಹಾಗಾಗಿ ಯಾರು ಬಂದರು, ಯಾವ ವಾಹನ, ಎಷ್ಟು ಹೊತ್ತಿಗೆ, ಯಾವ ಠಾಣೆ ಎಂದು ಅಂದೇ ಬರೆದಿಡಿ. ಮನೆಯ ಅಥವಾ ಪಕ್ಕದವರ ಸಿಸಿಟಿವಿಯಲ್ಲಿ ಅದು ಸೆರೆಯಾಗಿದ್ದರೆ ಕೂಡಲೇ ನಕಲು ಮಾಡಿಸಿಕೊಳ್ಳಿ. ಖಾಸಗಿ ಕ್ಯಾಮೆರಾಗಳ ದೃಶ್ಯದ ಮೇಲೆ ಕೆಲವೇ ದಿನಗಳಲ್ಲಿ ಹೊಸ ದೃಶ್ಯ ಬಂದು ಕೂರುತ್ತದೆ. ವ್ಯಕ್ತಿ ವಾಪಸ್ ಬರದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ನಗರವಾದರೆ ಪೊಲೀಸ್ ಆಯುಕ್ತರಿಗೆ, ಇ-ಮೇಲ್ ಕಳುಹಿಸಿ. ಎರಡು ಸಾಲು ಸಾಕು: ಇಂಥವರನ್ನು ಇಷ್ಟು ಹೊತ್ತಿಗೆ ಇಂಥ ಠಾಣೆಗೆ ಕರೆದೊಯ್ದಿದ್ದಾರೆ, ಬಂಧನದ ಮಾಹಿತಿ ಕೊಟ್ಟಿಲ್ಲ. ಆ ಇ-ಮೇಲ್‌ನ ಮೇಲಿರುವ ದಿನಾಂಕ ಮತ್ತು ಹೊತ್ತು ಮುಂದೆ ಬಹಳ ಬೆಲೆ ಬಾಳುತ್ತದೆ. ಇದಕ್ಕೂ ಉತ್ತರ ಬರದಿದ್ದರೆ ಎರಡು ದಾರಿಗಳಿವೆ. ಅಕ್ರಮವಾಗಿ ಕೂಡಿಹಾಕಿದವರನ್ನು ಹುಡುಕಿ ತರಲು ಸುರಕ್ಷಾ ಸಂಹಿತೆಯ ಕಲಂ 100ರಡಿ ಮ್ಯಾಜಿಸ್ಟ್ರೇಟರಿಂದ ವಾರಂಟ್ ಕೇಳಬಹುದು. ಇಲ್ಲವೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಕೋರಿಕೆ, ಹಾಕಬಹುದು.

ಸಾಕ್ಷಿಯಾಗಿ ಕರೆದಿದ್ದರೂ ಎಚ್ಚರ ಇರಲಿ. ಮಹಿಳೆಯರನ್ನು, 15ಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚು ವಯಸ್ಸಿನವರನ್ನು, ಅಂಗವಿಕಲರನ್ನು, ತೀವ್ರ ಅನಾರೋಗ್ಯ ಇರುವವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು, ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ (ಕಲಂ 179). 18 ತುಂಬದವರನ್ನು ಲಾಕಪ್‌ನಲ್ಲಿ ಇಡುವಂತೆಯೇ ಇಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಶಾಲಾ ದಾಖಲೆ ಅಥವಾ ಜನನ ಪ್ರಮಾಣಪತ್ರವನ್ನು ಮೊದಲ ದಿನವೇ ಹಾಜರುಪಡಿಸಿ.

ಹಂತ 2: ವಕೀಲರು, ಮತ್ತು ಮೌನವಾಗಿರುವ ಹಕ್ಕು

ಬಂಧಿತ ವ್ಯಕ್ತಿಗೆ ವಿಚಾರಣೆಯ ವೇಳೆ ತನ್ನ ಇಷ್ಟದ ವಕೀಲರನ್ನು ಭೇಟಿಯಾಗುವ ಹಕ್ಕಿದೆ (ಕಲಂ 38). ವಿಚಾರಣೆಯ ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕು ಅಲ್ಲ ಎಂದು ಅದೇ ಕಲಂ ಹೇಳುತ್ತದೆ. ಠಾಣೆಯಲ್ಲಿ ವಕೀಲರನ್ನು ಒಳಗೆ ಬಿಡದಿದ್ದರೆ ವಾದಕ್ಕೆ ನಿಲ್ಲುವ ಬದಲು ಹೊತ್ತನ್ನೂ ತಡೆದವರ ಹೆಸರನ್ನೂ ಬರೆದು ಅಲ್ಲಿಂದಲೇ ಮೇಲಧಿಕಾರಿಗೆ ಇ-ಮೇಲ್ ಮಾಡಿ. ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ. ರಾಷ್ಟ್ರೀಯ ಸಹಾಯವಾಣಿ 15100. ಬಡ ಆರೋಪಿಗೆ ಉಚಿತ ವಕೀಲರು ಸಿಗಬೇಕಾದದ್ದು ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಿನಿಂದಲೇ, ಟ್ರಯಲ್ ಶುರುವಾದ ಮೇಲೆ ಅಲ್ಲ. 1981ರಲ್ಲಿ ವರದಿಯಾದ ಖತ್ರಿ ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಇದನ್ನು ಹೇಳುತ್ತ ಬಂದಿದೆ.

ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಈ ರಕ್ಷಣೆ ಕೋರ್ಟಿನ ಕಟಕಟೆಗೆ ಮಾತ್ರವಲ್ಲ, ಠಾಣೆಯ ವಿಚಾರಣೆಗೂ ಉಂಟು ಎಂದು 1978ರ ನಂದಿನಿ ಸತ್ಪತಿ ತೀರ್ಪು ಸ್ಪಷ್ಟಪಡಿಸಿತು. ಹೆಸರು, ವಿಳಾಸ ಹೇಳಿ. ಘಟನೆಯ ಬಗ್ಗೆ "ವಕೀಲರೊಂದಿಗೆ ಮಾತಾಡಿದ ಮೇಲೆ ಉತ್ತರಿಸುತ್ತೇನೆ" ಎನ್ನುವುದು ತಪ್ಪೊಪ್ಪಿಗೆ ಆಗುವುದಿಲ್ಲ. ಬೆರಳಚ್ಚು, ಕೈಬರಹದ ಮಾದರಿಗೆ ಈ ರಕ್ಷಣೆ ಅನ್ವಯಿಸದು ಎಂದು 1961ರ ಕಾಥಿ ಕಾಲು ಪ್ರಕರಣದಲ್ಲಿ ತೀರ್ಮಾನವಾಗಿದೆ. ಮೊಬೈಲ್ ಪಾಸ್‌ವರ್ಡ್ ವಿಷಯದಲ್ಲಿ ನ್ಯಾಯಾಲಯಗಳ ಅಭಿಪ್ರಾಯ ಒಂದಾಗಿಲ್ಲ, ವಕೀಲರನ್ನು ಕೇಳದೆ ಕೊಡಬೇಡಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೇನ್ ಮ್ಯಾಪಿಂಗ್‌ಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. 2010ರ ಮೇ 5ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನ ಮುಖ್ಯ ಮಾತೇ ಅದು. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಪರೀಕ್ಷೆಯಲ್ಲಿ ಬಂದ ಉತ್ತರ ನೇರ ಸಾಕ್ಷ್ಯವಾಗದು, ಆದರೆ ಅದರಿಂದ ಮುಂದೆ ಏನಾದರೂ ಪತ್ತೆಯಾದರೆ ಅದನ್ನು ಬಳಸಬಹುದು. "ನಿರಪರಾಧಿಯಾದರೆ ಪರೀಕ್ಷೆಗೆ ಹೆದರಿಕೆ ಏಕೆ" ಎಂಬ ಮಾತಿಗೆ ಮರುಳಾಗಿ ಸಹಿ ಹಾಕಬೇಡಿ.

ಸಾಮಾನ್ಯ ತಪ್ಪು: ಖಾಲಿ ಹಾಳೆಗೆ ಸಹಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರ ಸಹಿ ಪಡೆಯಬಾರದು ಎಂದೇ ಕಲಂ 181 ಹೇಳುತ್ತದೆ. ಆದರೂ ಬಲವಂತಕ್ಕೆ ಸಹಿ ಹಾಕಿದ್ದರೆ ಎಷ್ಟು ಹಾಳೆ, ಯಾವ ದಿನ ಎಂದು ನೆನಪಿಟ್ಟು ಮುಂದಿನ ಹಂತದಲ್ಲಿ ಹೇಳಬೇಕು.

ಹಂತ 3: ಮ್ಯಾಜಿಸ್ಟ್ರೇಟರ ಮುಂದಿನ ಮೊದಲ ಹಾಜರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಠಾಣೆಯಲ್ಲಿ ಹಿಂಸೆ ಆಯಿತೇ ಎಂದು ಬಂಧಿತನನ್ನು ಕೇಳುವುದು, ವೈದ್ಯಕೀಯ ತಪಾಸಣೆ ಕೇಳುವ ಹಕ್ಕಿದೆ ಎಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ. 1983ರ ಶೀಲಾ ಬರ್ಸೆ ತೀರ್ಪಿನಿಂದ ಬಂದ ನಿಯಮ ಇದು. ವಾಸ್ತವದಲ್ಲಿ ಏನಾಗುತ್ತದೆ? ತಂದ ಪೊಲೀಸರು ಒಂದು ಮಾರು ದೂರದಲ್ಲಿ ನಿಂತಿರುತ್ತಾರೆ. ಕೆಲವೊಮ್ಮೆ ರಾತ್ರಿ ಮ್ಯಾಜಿಸ್ಟ್ರೇಟರ ಮನೆಯಲ್ಲೇ ಹಾಜರುಪಡಿಸಿರುತ್ತಾರೆ. "ತೊಂದರೆ ಏನಾದರೂ ಇದೆಯಾ?" ಎಂಬ ಪ್ರಶ್ನೆಗೆ ಹೆದರಿದ ಮನುಷ್ಯ ತಲೆಯಾಡಿಸಿ ಸುಮ್ಮನಾಗುತ್ತಾನೆ. "ಪೊಲೀಸರ ವಿರುದ್ಧ ದೂರಿಲ್ಲ" ಎಂಬ ಒಂದು ಸಾಲು ಆದೇಶ ಹಾಳೆಯಲ್ಲಿ ಸೇರುತ್ತದೆ. ಮುಂದೆ ಪ್ರತಿ ಹಂತದಲ್ಲೂ ಸರ್ಕಾರಿ ಅಭಿಯೋಜಕರು ಆ ಸಾಲನ್ನೇ ಎತ್ತಿ ಹಿಡಿಯುತ್ತಾರೆ.

ಅದಕ್ಕೇ ಇಲ್ಲಿ ವಕೀಲರು ಇರಲೇಬೇಕು. ಅವರು ಬಾಯಲ್ಲಿ ಹೇಳಿದರೆ ಸಾಲದು, ಲಿಖಿತ ಮೆಮೊ ಸಲ್ಲಿಸಬೇಕು. ಅದರಲ್ಲಿ ಇರಬೇಕಾದದ್ದು: ನಿಜವಾಗಿ ಕರೆದೊಯ್ದ ದಿನ ಮತ್ತು ಹೊತ್ತು, ಎಲ್ಲೆಲ್ಲಿ ಇಟ್ಟಿದ್ದರು, ಯಾರು ಏನು ಮಾಡಿದರು, ದೇಹದ ಯಾವ ಭಾಗಕ್ಕೆ ಯಾವುದರಿಂದ ಪೆಟ್ಟಾಯಿತು, ನಿದ್ದೆ, ನೀರು, ಔಷಧ ಕೊಡದೆ ಎಷ್ಟು ಹೊತ್ತು ಇಟ್ಟರು, ಹೆಂಡತಿ ಮಕ್ಕಳನ್ನೂ ಕರೆತರುತ್ತೇವೆ ಎಂಬಂಥ ಬೆದರಿಕೆ ಅಥವಾ ಬಿಟ್ಟುಬಿಡುತ್ತೇವೆ ಎಂಬ ಆಸೆ ತೋರಿಸಿದರೇ, ಯಾವ ಕಾಗದಗಳಿಗೆ ಸಹಿ ಪಡೆದರು. ಹೆಸರು ಗೊತ್ತಿಲ್ಲದಿದ್ದರೆ ಚಹರೆ ಬರೆಯಿರಿ. ಪೊಲೀಸರನ್ನು ಹೊರಗೆ ಕಳುಹಿಸಿ ಆರೋಪಿಯನ್ನು ವಿಚಾರಿಸುವಂತೆಯೂ ಮ್ಯಾಜಿಸ್ಟ್ರೇಟರನ್ನು ಕೋರಿ. ಆಮೇಲೆ ಆದೇಶ ಹಾಳೆಯಲ್ಲಿ ಏನು ದಾಖಲಾಯಿತು ಎಂದು ನೋಡಿ, ಅದರ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ.

ಇಲ್ಲಿ ಉತ್ಪ್ರೇಕ್ಷೆ ದೊಡ್ಡ ಶತ್ರು. ಎರಡು ಏಟನ್ನು ಇಪ್ಪತ್ತು ಎಂದು ಬರೆದರೆ ವೈದ್ಯರ ವರದಿ ಅದನ್ನು ಸುಳ್ಳು ಮಾಡುತ್ತದೆ. ಆಗ ನಿಜವಾದ ಎರಡು ಏಟನ್ನೂ ಯಾರೂ ನಂಬುವುದಿಲ್ಲ.

ಬಂಧನದ ಕಾರಣಗಳನ್ನು ಬರಹದಲ್ಲಿ, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟಿದ್ದಾರೆಯೇ ಎಂಬುದನ್ನೂ ಅದೇ ಹಾಜರಿಯಲ್ಲಿ ಎತ್ತಿ. ಎಲ್ಲ ಅಪರಾಧಗಳಿಗೂ ಇದು ಕಡ್ಡಾಯ, ತಡವಾದರೂ ರಿಮಾಂಡ್‌ಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಕೊಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಕೊಡದಿದ್ದರೆ ಬಂಧನವೂ ರಿಮಾಂಡೂ ಕಾನೂನುಬಾಹಿರ ಆಗುತ್ತವೆ. ಆದರೆ ಇದರಿಂದ ಆಗುವುದು ಬಿಡುಗಡೆ ಮಾತ್ರ. ಪ್ರಕರಣ ರದ್ದಾಗುವುದಿಲ್ಲ, ಕಾರಣಗಳನ್ನು ಕೊಟ್ಟು ಮತ್ತೆ ವಶಕ್ಕೆ ಕೇಳಲು ಪೊಲೀಸರಿಗೆ ಅವಕಾಶ ಉಳಿದಿರುತ್ತದೆ.

ಹಂತ 4: ವೈದ್ಯಕೀಯ ದಾಖಲೆ

ಬಂಧನವಾದ ಕೂಡಲೇ ವೈದ್ಯಾಧಿಕಾರಿಯಿಂದ ತಪಾಸಣೆ ಆಗಬೇಕು. ಮಹಿಳೆಯರಾದರೆ ಮಹಿಳಾ ವೈದ್ಯರಿಂದ. ವರದಿಯಲ್ಲಿ ಗಾಯಗಳನ್ನೂ ಅವು ಆದ ಅಂದಾಜು ಹೊತ್ತನ್ನೂ ಬರೆಯಬೇಕು, ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು (ಕಲಂ 53). ವಶದಲ್ಲಿರುವಾಗ ಪ್ರತಿ 48 ಗಂಟೆಗೊಮ್ಮೆ ತಪಾಸಣೆ ಆಗಬೇಕೆಂಬುದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ. ಅದೇ ತೀರ್ಪಿನ ಇನ್ನೊಂದು ನಿರ್ದೇಶನ ಹೆಚ್ಚಿನವರಿಗೆ ಗೊತ್ತಿಲ್ಲ. ಆರೋಪಿ ಕೇಳಿಕೊಂಡರೆ ಬಂಧನದ ಹೊತ್ತಿನಲ್ಲೇ ಮೈಮೇಲಿನ ಸಣ್ಣ, ದೊಡ್ಡ ಗಾಯಗಳನ್ನು ನೋಡಿ ತಪಾಸಣಾ ಮೆಮೊ ಬರೆದು, ಅಧಿಕಾರಿಯೂ ಆರೋಪಿಯೂ ಸಹಿ ಮಾಡಬೇಕು. ಇದನ್ನು ಕೇಳಿ ಪಡೆಯಿರಿ. ಬಂಧಿಸಿದಾಗ ಗಾಯವಿಲ್ಲ ಎಂದು ಪೊಲೀಸರೇ ಬರೆದಿದ್ದು, ಮೂರು ದಿನದ ಮೇಲಿನ ವೈದ್ಯಕೀಯ ವರದಿಯಲ್ಲಿ ಗಾಯ ಕಂಡರೆ, ಅದು ವಶದಲ್ಲಿ ಆದದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ.

ತೊಂದರೆ ಎಲ್ಲಿ ಬರುತ್ತದೆ? ಎರಡು ನಿಮಿಷದ ತಪಾಸಣೆ, ಪಕ್ಕದಲ್ಲೇ ಪೇದೆ, ಕೊನೆಗೆ "ಆರೋಗ್ಯವಾಗಿದ್ದಾರೆ" ಎಂಬ ಚೀಟಿ. ಆರೋಪಿ ವೈದ್ಯರಿಗೆ ನೋವಿನ ಜಾಗವನ್ನೂ ಕಾರಣವನ್ನೂ ತಾನಾಗಿ ಹೇಳಬೇಕು. ಅಂಗಾಲು, ಬೆನ್ನು, ಕಿವಿ, ಉಗುರುಗಳನ್ನು ತೋರಿಸಬೇಕು. ಹೊರಗೆ ಕಾಣದ ನೋವಿದ್ದರೆ ಎಕ್ಸ್-ರೇ ಅಥವಾ ಸ್ಕ್ಯಾನ್ ಮಾಡಿಸುವಂತೆ ಕೋರ್ಟಿನಿಂದ ಆದೇಶ ಕೇಳಿ. ಜೈಲಿಗೆ ಕಳುಹಿಸಿದರೆ ಅಲ್ಲಿ ಒಳಸೇರಿಸಿಕೊಳ್ಳುವಾಗ ನಡೆಯುವ ತಪಾಸಣೆಯ ದಾಖಲೆಯನ್ನೂ ತರಿಸಿಕೊಳ್ಳಿ. ತಮ್ಮ ವಶದಲ್ಲಿ ಆದ ಗಾಯವಲ್ಲ ಎಂದು ತೋರಿಸಿಕೊಳ್ಳುವ ಅಗತ್ಯ ಜೈಲಿನವರಿಗೂ ಇರುವುದರಿಂದ, ಠಾಣೆಯ ಹಂತದಲ್ಲಿ ಬಿಟ್ಟುಹೋದ ಗಾಯ ಅಲ್ಲಿ ದಾಖಲಾಗಿರುವ ಸಾಧ್ಯತೆ ಇದೆ.

ಹಂತ 5: ಪೊಲೀಸ್ ವಶದ ಪ್ರತಿ ದಿನವನ್ನೂ ಪ್ರಶ್ನಿಸಿ

ಕೊಲೆ ಪ್ರಕರಣದಲ್ಲಿ ಪೊಲೀಸ್ ವಶ ಒಟ್ಟು 15 ದಿನ ಮೀರುವಂತಿಲ್ಲ. ಹೊಸ ಕಾನೂನಿನಲ್ಲಿ ಆ 15 ದಿನಗಳನ್ನು ಒಂದೇ ಸಲ ತೆಗೆದುಕೊಳ್ಳಬೇಕಿಲ್ಲ. ಮೊದಲ 60 ದಿನಗಳೊಳಗೆ ಬಿಡಿಬಿಡಿಯಾಗಿಯೂ ಕೇಳಬಹುದು (ಕಲಂ 187). ಅಂದರೆ ಜೈಲಿಗೆ ಹೋದವನು ಮತ್ತೆ ಠಾಣೆಗೆ ಬರುವ ಸಾಧ್ಯತೆ ವಾರಗಟ್ಟಲೆ ತೆರೆದೇ ಇರುತ್ತದೆ. ಪ್ರತಿ ಅರ್ಜಿಯನ್ನೂ ಲಿಖಿತವಾಗಿ ವಿರೋಧಿಸಿ. ಹಿಂದಿನ ದಿನಗಳಲ್ಲಿ ಏನು ಪತ್ತೆಯಾಯಿತು, ಈಗ ಹೊಸದಾಗಿ ಏನು ಬೇಕು ಎಂದು ಕೇಳಿ. ವಶಕ್ಕೆ ಕೊಟ್ಟೇಬಿಟ್ಟರೆ ಷರತ್ತು ಕೇಳಿ: ದಿನಕ್ಕೊಮ್ಮೆ ವಕೀಲರ ಭೇಟಿ, 48 ಗಂಟೆಗೊಮ್ಮೆ ತಪಾಸಣೆ, ಸಿಸಿಟಿವಿ ಇರುವ ಕೋಣೆಯಲ್ಲೇ ವಿಚಾರಣೆ. ವಶ ಮುಗಿದು ವಾಪಸ್ ಬಂದ ದಿನ ಹಂತ 3ರ ಮೆಮೊವನ್ನು ಮತ್ತೆ ಸಲ್ಲಿಸಿ. 90 ದಿನಗಳೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆದರೆ ಚಾರ್ಜ್‌ಶೀಟ್ ಬರುವ ಮೊದಲೇ ಅರ್ಜಿ ಹಾಕಿರಬೇಕು.

ಹಂತ 6: ಠಾಣೆಯ ಸಿಸಿಟಿವಿಯನ್ನು ಉಳಿಸಿಕೊಳ್ಳಿ

2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಮುಖ್ಯದ್ವಾರ, ಒಳಹೊರ ಹೋಗುವ ಎಲ್ಲ ಜಾಗಗಳು, ಲಾಕಪ್, ಕಾರಿಡಾರ್, ಅಧಿಕಾರಿಗಳ ಕೋಣೆಗಳಲ್ಲಿ ಧ್ವನಿ ಸಹಿತ ಕ್ಯಾಮೆರಾ ಇರಬೇಕೆಂದಿತು. ದೃಶ್ಯವನ್ನು 18 ತಿಂಗಳು, ಅಷ್ಟು ಸಾಮರ್ಥ್ಯದ ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ, ಇಟ್ಟುಕೊಳ್ಳಬೇಕೆಂದಿತು. ಟ್ರಯಲ್ ಶುರುವಾಗುವ ಹೊತ್ತಿಗೆ ಈ ಗಡುವು ಕಳೆದಿರಬಹುದು. ಹಾಗಾಗಿ ಮೊದಲ ವಾರದಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ಕಲಂ 94ರಡಿ ಅರ್ಜಿ ಹಾಕಿ. "ಠಾಣೆಯ ಸಿಸಿಟಿವಿ ಕೊಡಿಸಿ" ಎಂದು ಸುಮ್ಮನೆ ಬರೆದರೆ ಅದು ಹುಡುಕಾಟದ ಅರ್ಜಿ ಎಂದು ವಜಾ ಆಗಬಹುದು. ಯಾವ ಠಾಣೆ, ಯಾವ ದಿನ ಎಷ್ಟರಿಂದ ಎಷ್ಟು ಗಂಟೆ, ಯಾವ ಕ್ಯಾಮೆರಾ, ಅದರಿಂದ ಏನು ತಿಳಿಯುತ್ತದೆ ಎಂದು ಬರೆಯಿರಿ. ಈಗಲೇ ಕೊಡಿಸದಿದ್ದರೂ ಅಳಿಸದಂತೆ ಕಾಪಾಡಲು ಆದೇಶಿಸಿ ಎಂಬ ಪರ್ಯಾಯ ಕೋರಿಕೆಯೂ ಇರಲಿ. ಆರೋಪಿಯ ಮೊಬೈಲ್ ಯಾವ ಟವರ್ ವ್ಯಾಪ್ತಿಯಲ್ಲಿತ್ತು ಎಂಬ ದಾಖಲೆಯನ್ನೂ ಇದೇ ರೀತಿ ಕೇಳಬಹುದು. ಬಂಧನದ ನಿಜವಾದ ಹೊತ್ತನ್ನು ಅದು ಹೇಳಿಬಿಡುತ್ತದೆ.

"ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬಂದರೆ ಅದನ್ನು ಲಿಖಿತವಾಗಿ ಪಡೆಯಿರಿ. ಯಾವಾಗ ಕೆಟ್ಟಿತು, ಯಾರಿಗೆ ವರದಿ ಮಾಡಿದರು ಎಂಬುದು ಪಾಟೀಸವಾಲಿನ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗಿನ, ಪ್ರಶ್ನೆ ಆಗುತ್ತದೆ.

ಹಂತ 7: ಚಾರ್ಜ್‌ಶೀಟ್ ಬಂದ ಮೇಲೆ ಹೇಳಿಕೆಗಳನ್ನು ವಿಂಗಡಿಸಿ

ಚಾರ್ಜ್‌ಶೀಟ್ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು "ಸ್ವಇಚ್ಛಾ ಹೇಳಿಕೆ" ಎಂಬ ಪುಟಗಳನ್ನು. ಅದನ್ನು ಓದಿ ಎದೆಗುಂದಬೇಡಿ. ಆರೋಪಿಯ ಬಾಯಿಂದ ಬಂದದ್ದು ಎನ್ನಲಾದ ಪ್ರತಿ ಹೇಳಿಕೆಗೂ ಕಾನೂನಿನಲ್ಲಿ ಬೇರೆ ಬೇರೆ ಬೆಲೆ ಇದೆ.

ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆ ಇಲ್ಲ (ಸಾಕ್ಷ್ಯ ಕಾನೂನಿನ ಕಲಂ 23(1)). ಪೊಲೀಸ್ ವಶದಲ್ಲಿದ್ದಾಗ ಬೇರೆ ಯಾರಿಗೋ ಹೇಳಿದ್ದಕ್ಕೂ ಬೆಲೆ ಇಲ್ಲ, ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಹೇಳಿದ್ದರೆ ಬೇರೆ ಮಾತು (ಅದೇ ಕಾನೂನಿನ ಕಲಂ 23(2)). ಬೆದರಿಕೆ, ಬಲವಂತ, ಆಮಿಷದಿಂದ ಬಂದದ್ದೆಂದು ಕೋರ್ಟಿಗೆ ತೋರಿದರೆ ಯಾರ ಮುಂದೆ ಹೇಳಿದ್ದರೂ ಅದು ನಿಲ್ಲದು (ಅದೇ ಕಾನೂನಿನ ಕಲಂ 22). ಇಲ್ಲಿ "ತೋರಿದರೆ" ಸಾಕು, ಹೊಡೆದದ್ದನ್ನು ಸಂಶಯಾತೀತವಾಗಿ ಸಾಬೀತು ಮಾಡುವ ಭಾರ ಆರೋಪಿಯ ಮೇಲಿಲ್ಲ. ಹಂತ 3 ಮತ್ತು 4ರ ಕಾಗದಗಳು ಕೆಲಸಕ್ಕೆ ಬರುವುದು ಇಲ್ಲೇ.

ಒಂದು ಗಂಭೀರ ವಿನಾಯಿತಿ ನೆನಪಿರಲಿ. ಕೊಲೆಯ ಜೊತೆಗೆ ಕರ್ನಾಟಕದ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆ, ಅಂದರೆ ಕೋಕಾ, ಹೇರಿದ್ದರೆ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಿಯಮದಂತೆ ದಾಖಲಿಸಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತದೆ. ಅಂಥ ಪ್ರಕರಣದಲ್ಲಿ ಆ ಕಾಯ್ದೆಯನ್ನು ಹೇರಿದ್ದೇ ಸರಿಯೇ ಎಂಬುದು ಮೊದಲ ಹೋರಾಟ.

ಈಗ ಅಸಲು ಜಗಳದ ಜಾಗಕ್ಕೆ ಬರೋಣ: ಪತ್ತೆ, ಅಂದರೆ ಹೇಳಿಕೆಯಿಂದ ವಸ್ತು ಸಿಕ್ಕಿತು ಎಂಬ ಭಾಗ. ಹಳೆಯ ಸಾಕ್ಷ್ಯ ಅಧಿನಿಯಮದ ಕಲಂ 27 ಈಗ ಸಾಕ್ಷ್ಯ ಕಾನೂನಿನ ಕಲಂ 23ರ ಪರಂತುಕವಾಗಿ, ಅಂದರೆ ನಿಯಮದ ಕೊನೆಗೆ ಸೇರಿಸಿದ ವಿನಾಯಿತಿಯಾಗಿ, ಕುಳಿತಿದೆ. ಇದರ ಗಡಿ ಎಲ್ಲಿ ಎಂಬುದನ್ನು 1947ರಲ್ಲಿ ವರದಿಯಾದ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯ, ಚಾಕುವಿನ ಉದಾಹರಣೆ ಕೊಟ್ಟು ವಿವರಿಸಿತು. "ಮನೆಯ ಮಾಡಿನಲ್ಲಿ ಬಚ್ಚಿಟ್ಟ ಚಾಕುವನ್ನು ತೋರಿಸುತ್ತೇನೆ" ಎಂಬಷ್ಟು ಒಳಗೆ ಬರುತ್ತದೆ. "ಅದರಿಂದ ಇಂಥವನನ್ನು ಇರಿದೆ" ಎಂಬ ಭಾಗ ಬರುವುದಿಲ್ಲ. ಹೀಗಿದ್ದರೂ ಪೂರ್ತಿ ಹೇಳಿಕೆಯನ್ನೇ ಸಾಕ್ಷಿಯ ಮೂಲಕ ಗುರುತು ಮಾಡಿಸಲು, ಅಂದರೆ ಕೋರ್ಟಿನ ದಾಖಲೆಗೆ ಸೇರಿಸಲು, ಯತ್ನಿಸುವುದುಂಟು. ಆ ಕ್ಷಣದಲ್ಲೇ ಎದ್ದು ಆಕ್ಷೇಪಿಸಿ, ಆಕ್ಷೇಪವನ್ನು ದಾಖಲಿಸುವಂತೆ ಕೇಳಬೇಕು.

ಒಳಗೆ ಬಂದ ಭಾಗವನ್ನು ಪರೀಕ್ಷಿಸಲು 2022ರ ಅಕ್ಟೋಬರ್ 13ರ ಎರಡು ತೀರ್ಪುಗಳನ್ನು ವಕೀಲರ ಕೈಗಿಡಿ: ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ, ಮತ್ತು ರಾಮಾನಂದ ವಿರುದ್ಧ ಉತ್ತರ ಪ್ರದೇಶ ರಾಜ್ಯ. ಎರಡೂ ಕೊಲೆ ಪ್ರಕರಣಗಳು, ಎರಡರಲ್ಲೂ ಆರೋಪಿಗಳು ಖುಲಾಸೆಯಾದರು. ಸುಪ್ರೀಂ ಕೋರ್ಟ್ ಹೇಳಿದ ವಿಧಾನ ಹೀಗಿದೆ. ಆರೋಪಿ ತೋರಿಸುತ್ತೇನೆ ಎಂದಾಗ ಅಧಿಕಾರಿ ಮೊದಲು ಇಬ್ಬರು ಸ್ವತಂತ್ರ ಪಂಚರನ್ನು ಠಾಣೆಗೆ ಕರೆಸಬೇಕು. ಅವರ ಎದುರು ಆರೋಪಿ ಆಡಿದ ಮಾತನ್ನು ಆಡಿದಂತೆಯೇ ಬರೆಯಬೇಕು. ಆಮೇಲೆ ಎಲ್ಲರೂ ಸ್ಥಳಕ್ಕೆ ಹೋಗಬೇಕು. ಪಂಚರು ಸ್ಥಳಕ್ಕೇ ನೇರವಾಗಿ ಬಂದು ಸಹಿ ಹಾಕಿದ್ದರೆ ಹೇಳಿಕೆಯ ಭಾಗವೇ ಸಾಬೀತಾಗುವುದಿಲ್ಲ.

ಇದನ್ನು ಹಿಡಿದು ಕೇಳಬೇಕಾದ ಪ್ರಶ್ನೆಗಳು ಹಲವು. ಆ ಜಾಗವನ್ನು ಪೊಲೀಸರು ಹಿಂದಿನ ದಿನವೇ ಶೋಧಿಸಿದ್ದರೇ? ಎಲ್ಲರೂ ಓಡಾಡುವ ತೆರೆದ ಜಾಗವೇ? ಪೊಲೀಸರಿಗೆ ಮೊದಲೇ ಗೊತ್ತಿದ್ದ ಸಂಗತಿ ಪತ್ತೆ ಎನಿಸಿಕೊಳ್ಳದು. ಪಂಚರು ಬೇರೆ ಪ್ರಕರಣಗಳಲ್ಲೂ ಅದೇ ಠಾಣೆಗೆ ಪಂಚರಾಗಿದ್ದವರೇ? ಮಹಜರಿನ ಹೊತ್ತಿನಲ್ಲಿ ಆರೋಪಿ ಆಸ್ಪತ್ರೆಯಲ್ಲೋ ಕೋರ್ಟಿನಲ್ಲೋ ಇದ್ದನೇ? ವಸ್ತುವಿಗೆ ಅಲ್ಲೇ ಮೊಹರು ಹಾಕಿದರೇ, ಪ್ರಯೋಗಾಲಯಕ್ಕೆ ಯಾವಾಗ ಹೋಯಿತು? ಶೋಧ ಮತ್ತು ಜಪ್ತಿಯನ್ನು ದೃಶ್ಯ, ಧ್ವನಿ ಸಹಿತ ಚಿತ್ರೀಕರಿಸಬೇಕೆಂದು ಈಗ ಕಲಂ 105 ಹೇಳುವುದರಿಂದ ಆ ವಿಡಿಯೊ ಎಲ್ಲಿ ಎಂದು ಕೇಳಿ. ಇದ್ದರೆ ಮಹಜರಿನ ಪಕ್ಕದಲ್ಲಿಟ್ಟು ನೋಡಿ. ಆರೋಪಿ ಬಾಯಿ ತೆರೆಯುವ ಮೊದಲೇ ಪೊಲೀಸರು ಜಾಗದತ್ತ ನಡೆಯುತ್ತಿದ್ದರೆ ಅದು ಅಲ್ಲಿ ಕಾಣುತ್ತದೆ.

ಮ್ಯಾಜಿಸ್ಟ್ರೇಟರು ದಾಖಲಿಸಿದ ತಪ್ಪೊಪ್ಪಿಗೆ (ಸುರಕ್ಷಾ ಸಂಹಿತೆಯ ಕಲಂ 183) ಎಲ್ಲಕ್ಕಿಂತ ಅಪಾಯಕಾರಿ. ಒಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ನಿನ್ನ ವಿರುದ್ಧ ಬಳಸಬಹುದು ಎಂದು ಮೊದಲೇ ಎಚ್ಚರಿಸಬೇಕು. ಸ್ವಂತ ಇಚ್ಛೆಯಿಂದ ಹೇಳುತ್ತಿದ್ದಾನೆಂದು ಪ್ರಶ್ನೆ ಕೇಳಿ ಮನವರಿಕೆ ಮಾಡಿಕೊಳ್ಳಬೇಕು. ಪೊಲೀಸರ ನೆರಳಿನಿಂದ ಹೊರಬಂದು ಯೋಚಿಸಲು ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಕೊಡಬೇಕೆಂದು 1957ರ ಸರ್ವಣ್ ಸಿಂಗ್ ತೀರ್ಪು ಹೇಳುತ್ತದೆ. ಈ ಹೆಜ್ಜೆಗಳಲ್ಲಿ ಯಾವುದು ತಪ್ಪಿದೆ ಎಂದು ನೋಡಿ. ಒಳಗಿರುವವರಿಗೆ ತಪ್ಪದೆ ತಲುಪಿಸಬೇಕಾದ ಮಾತು ಇನ್ನೊಂದಿದೆ. ಮ್ಯಾಜಿಸ್ಟ್ರೇಟರ ಮುಂದೆ "ನಾನು ಹೇಳಿಕೆ ಕೊಡುವುದಿಲ್ಲ" ಎಂದರೆ ಅವರನ್ನು ಮತ್ತೆ ಪೊಲೀಸ್ ವಶಕ್ಕೆ ಕೊಡುವಂತಿಲ್ಲ. ಇದು ಗೊತ್ತಿಲ್ಲದೆ, ವಾಪಸ್ ಠಾಣೆಗೆ ಹೋಗಬೇಕಾದೀತೆಂಬ ಭಯಕ್ಕೇ ಒಪ್ಪಿಕೊಳ್ಳುವವರಿದ್ದಾರೆ. ಒಪ್ಪಿಕೊಂಡಾಗಿದ್ದರೆ ಅದನ್ನು ಹಿಂತೆಗೆದುಕೊಳ್ಳುವ ಅರ್ಜಿಯನ್ನು ಜೈಲಿನ ಅಧೀಕ್ಷಕರ ಮೂಲಕ ಕೂಡಲೇ ಕಳುಹಿಸಿ. ಹಿಂತೆಗೆದ ತಪ್ಪೊಪ್ಪಿಗೆಗೆ ಬೇರೆ ಸಾಕ್ಷ್ಯದ ಬೆಂಬಲ ಇದೆಯೇ ಎಂದು ಕೋರ್ಟುಗಳು ನೋಡುತ್ತವೆ.

ಹಂತ 8: ಸೆಷನ್ಸ್ ಕೋರ್ಟಿನಲ್ಲಿ

ಚಾರ್ಜ್‌ಶೀಟಿನಿಂದ ಬಳಸಬಾರದ ಹೇಳಿಕೆಗಳನ್ನು ತೆಗೆದರೆ ಏನೂ ಉಳಿಯದಿದ್ದರೆ ಕಲಂ 250ರಡಿ ಆರೋಪದಿಂದ ಬಿಡುಗಡೆಗೆ ಅರ್ಜಿ ಹಾಕಿ. ಪ್ರಕರಣವನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ 60 ದಿನಗಳ ಒಳಗೆ ಇದು ಆಗಬೇಕು. ಸಹ ಆರೋಪಿಯ ಹೇಳಿಕೆಯಲ್ಲಿ ಹೆಸರು ಬಂದಿದೆ ಎಂಬುದಷ್ಟೇ ಆಧಾರವಾಗಿರುವ ಆರೋಪಿಗಳಿಗೆ ಇದು ವಿಶೇಷವಾಗಿ ಉಪಯುಕ್ತ.

ಟ್ರಯಲ್‌ನಲ್ಲಿ ತನಿಖಾಧಿಕಾರಿ, ಪಂಚರು, ವೈದ್ಯರು ಈ ಮೂವರ ಪಾಟೀಸವಾಲಿನಲ್ಲಿ ನಿಮ್ಮ ವಾದ ಒಂದೇ ಆಗಿರಬೇಕು. ವೈದ್ಯರಿಗೆ "ಗಾಯ ಬಿದ್ದು ಆದದ್ದು" ಎಂದು ಸೂಚಿಸಿ, ಅಧಿಕಾರಿಗೆ "ನೀವು ಹೊಡೆದಿರಿ" ಎಂದು ಸೂಚಿಸಿದರೆ ಎರಡೂ ಹೋದವು. ಕೊನೆಗೆ ನ್ಯಾಯಾಧೀಶರು ಆರೋಪಿಯನ್ನು ನೇರವಾಗಿ ಪ್ರಶ್ನಿಸುವ ಘಟ್ಟ ಬರುತ್ತದೆ (ಕಲಂ 351). ಎಲ್ಲಕ್ಕೂ "ಸುಳ್ಳು" ಎಂದಷ್ಟೇ ಹೇಳಿ ಮುಗಿಸುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಇದು ಕೈಯಾರೆ ಕಳೆದುಕೊಳ್ಳುವ ಅವಕಾಶ. ಎಂದು ಕರೆದೊಯ್ದರು, ಏನಾಯಿತು, ಮೊದಲ ದಿನ ಮ್ಯಾಜಿಸ್ಟ್ರೇಟರಿಗೆ ಏನು ಹೇಳಿದೆ ಎಂದು ಲಿಖಿತ ಹೇಳಿಕೆ ಕೊಡಬಹುದು. ಕರೆದೊಯ್ದದ್ದನ್ನು ಕಂಡ ಮನೆಯವರನ್ನೂ ನೆರೆಯವರನ್ನೂ ಪ್ರತಿವಾದದ ಸಾಕ್ಷಿಗಳಾಗಿ ಕರೆಸಬಹುದು.

ಹಂತ 9: ಹಿಂಸೆ ಕೊಟ್ಟವರ ವಿರುದ್ಧ ದೂರು

ಇದು ಕೊಲೆ ಪ್ರಕರಣಕ್ಕಿಂತ ಬೇರೆಯೇ ದಾರಿ. ಎರಡನ್ನೂ ಒಂದೇ ಅರ್ಜಿಯಲ್ಲಿ ತುರುಕಬೇಡಿ. ತಪ್ಪೊಪ್ಪಿಗೆ ಹೊರಡಿಸಲು ಗಾಯಪಡಿಸುವುದು ನ್ಯಾಯ ಸಂಹಿತೆಯ ಕಲಂ 120ರಡಿ ಅಪರಾಧ. ಸಾಮಾನ್ಯ ಗಾಯಕ್ಕೆ 7 ವರ್ಷದವರೆಗೆ, ತೀವ್ರ ಗಾಯಕ್ಕೆ 10 ವರ್ಷದವರೆಗೆ ಶಿಕ್ಷೆ. ಮೇಲಧಿಕಾರಿಗೆ ಲಿಖಿತ ದೂರು ಕೊಟ್ಟು ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬಹುದು. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡುವುದಾದರೆ ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಆಮೇಲೆ ಆಯೋಗ ವಿಚಾರಿಸುವಂತಿಲ್ಲ. ಬಲಪ್ರಯೋಗದಿಂದ ಗಂಭೀರ ಗಾಯವಾದ ದೂರಿನಲ್ಲಿ ರಾಜ್ಯ ಆಯೋಗವೇ ಠಾಣೆಯ ಸಿಸಿಟಿವಿ ದೃಶ್ಯ ತರಿಸಿಕೊಳ್ಳಬಹುದೆಂದು ಸೈನಿ ತೀರ್ಪಿನಲ್ಲಿದೆ. ಮ್ಯಾಜಿಸ್ಟ್ರೇಟರು ನಿಮ್ಮ ಸಿಸಿಟಿವಿ ಅರ್ಜಿಯನ್ನು ತಿರಸ್ಕರಿಸಿದ್ದರೆ ಈ ಬಾಗಿಲನ್ನೂ ತಟ್ಟಿ, ದೂರಿನ ಜೊತೆಗೆ ಆ ತಿರಸ್ಕಾರದ ಆದೇಶವನ್ನೂ ವೈದ್ಯಕೀಯ ವರದಿಯನ್ನೂ ಲಗತ್ತಿಸಿ. ಆಯೋಗಕ್ಕೆ ಕೊಡುವ ಪ್ರತಿ ಕಾಗದವನ್ನೂ ಕಳುಹಿಸುವ ಮೊದಲು ಕೊಲೆ ಪ್ರಕರಣ ನಡೆಸುವ ವಕೀಲರಿಗೆ ತೋರಿಸಿ. ಅಲ್ಲಿ ಬರೆದ ಒಂದು ತಾರೀಕು ಇಲ್ಲಿಯದಕ್ಕೆ ಹೊಂದದಿದ್ದರೆ ಪಾಟೀಸವಾಲಿನಲ್ಲಿ ಅದೇ ಹೊರಬರುತ್ತದೆ.